ಸೋಮಾರಿತನವಲ್ಲ, ರೋಗ: ನಾರ್ಕೊಲೆಪ್ಸಿಯುಳ್ಳವರ ದಿನಚರಿಯನ್ನು ಕುರಿತ ಪಾಠ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯ, 7ರಿಂದ 12ನೆಯ ವಚನಗಳು



ತ್ರೋವ ಎಂಬ ಊರಿನಲ್ಲಿ ಪೌಲನು ಮಾಡಿದ ದೀರ್ಘವಾದ ಪ್ರಸಂಗದ ಸಂಗತಿ ನಿಮಗೆಲ್ಲರಿಗೂ ತಿಳಿದದ್ದೇ. ಮಧ್ಯರಾತ್ರಿಯಾಗಿತ್ತು, ಮೇಲುಮಾಳಿಗೆಯಲ್ಲಿ ದೀಪಗಳು ಅನೇಕವಿದ್ದವು, ಯೂತಿಖನೆಂಬ ಪ್ರಾಯಸ್ಥನು ಕಿಟಕಿಯ ಮೇಲೆ ಕುಳಿತವನು ನಿದ್ರೆ ಹತ್ತಿ ಮೂರನೆಯ ಅಂತಸ್ತಿನಿಂದ ಬಿದ್ದುಬಿಟ್ಟನು. ಆಗ ಅಪೊಸ್ತಲನು ಏನು ಮಾಡಿದನು? ಮಾತನ್ನು ನಿಲ್ಲಿಸಿ ತಾನೇ ಕೆಳಗೆ ಇಳಿದುಹೋದನು, ಹುಡುಗನನ್ನು ಅಪ್ಪಿಕೊಂಡನು, ಜನರ ಕಳವಳವನ್ನು ಶಾಂತಪಡಿಸಿದನು. ದೇವರ ವಾಕ್ಯವನ್ನು ಕೇಳುವಾಗ ನಿದ್ರಿಸಿದನೆಂದು ಯಾರೂ ಅವನನ್ನು ಬೈದ ಸಂಗತಿ ಆ ಭಾಗದಲ್ಲಿ ಒಂದಕ್ಷರವೂ ಇಲ್ಲ. ಯೂತಿಖನಿಗೆ ರೋಗವಿತ್ತೆಂದು ನಾವು ಹೇಳುವುದಿಲ್ಲ. ಆ ಹೊತ್ತಿಗೆ ಯಾರಿಗಾದರೂ ನಿದ್ರೆ ಬಂದೀತು. ಆದರೆ ನಿದ್ರೆಯಿಂದ ಬಿದ್ದವನ ಬಳಿಗೆ ಸಭೆಯು ಹೇಗೆ ಹೋಗಬೇಕೆಂಬುದನ್ನು ಇಲ್ಲಿಂದ ಕಲಿಯಬಹುದು.

ಒಬ್ಬ ಹುಡುಗನ ದಿನವನ್ನು ಮನಸ್ಸಿಗೆ ತಂದುಕೊಳ್ಳಿರಿ. ಇಂಥವನು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಯಾವ ಗ್ರಾಮದಲ್ಲಿಯಾದರೂ ಇರಬಹುದು. ಅವನಿಗೆ ಹದಿನೈದು ವರ್ಷ. ರಾತ್ರಿಯೆಲ್ಲಾ ಮಲಗಿದ್ದರೂ ಮುಂಜಾನೆ ಎದ್ದು ರೊಟ್ಟಿ ತಿನ್ನುವಾಗಲೇ ಕಣ್ಣು ಮುಚ್ಚುತ್ತವೆ. ಶಾಲೆಯಲ್ಲಿ ಮೊದಲನೆಯ ಪಾಠಕ್ಕೇ ತಲೆ ಮೇಜಿನ ಮೇಲೆ ಬೀಳುತ್ತದೆ; ಬರೆಯುತ್ತಿದ್ದ ಅಕ್ಷರಗಳು ಗೀಟುಗಳಾಗಿ ಹರಿದುಹೋಗುತ್ತವೆ. ಗುರುಗಳು ನಿಲ್ಲಿಸುತ್ತಾರೆ, ನಿಂತಲ್ಲಿಯೇ ತೂಗುತ್ತಾನೆ. ಗೆಳೆಯರು ನಗೆಮಾತು ಆಡಿದರೆ ಮೊಣಕಾಲು ಸಡಿಲವಾಗಿ ಕುಸಿಯುತ್ತಾನೆ. ಸಂಜೆ ಅಪ್ಪನು, ‘ಈ ಸೋಮಾರಿಗೆ ಅನ್ನ ಹಾಕಬೇಡ’ ಅನ್ನುತ್ತಾನೆ. ಅವ್ವನು ಗುಟ್ಟಾಗಿ ತಾಯತ ಕಟ್ಟಿಸಲೋ ಎಂದು ಯೋಚಿಸುತ್ತಾಳೆ. ಭಾನುವಾರ ದೇವಾಲಯದಲ್ಲಿ ಹಿರಿಯರು ಕೋಲಿನಿಂದ ತಿವಿದು ಎಬ್ಬಿಸುತ್ತಾರೆ. ಆ ಹುಡುಗನಿಗೆ ತಾನು ಕೆಟ್ಟವನೆಂಬ ನಂಬಿಕೆ ಕ್ರಮೇಣ ಬೇರೂರುತ್ತದೆ.

ಪ್ರಸಂಗಪೀಠದಿಂದ ನಿದ್ರಿಸುವವರನ್ನು ಗದರಿಸಿದ ನಮ್ಮಂಥವರು ಈ ಪಾಠವನ್ನು ಮೊದಲು ಕಲಿಯಬೇಕಾಗಿದೆ.

1. ಈ ರೋಗವು ಎಂಥದು?

ಇದಕ್ಕೆ ನಾರ್ಕೊಲೆಪ್ಸಿ ಎಂದು ಹೆಸರು. ಫ್ರಾನ್ಸ್ ದೇಶದ ವೈದ್ಯನಾದ ಝೆಲಿನೋ ಎಂಬವನು 1880ರಲ್ಲಿ ಈ ಹೆಸರನ್ನು ಇಟ್ಟನು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇದರ ಕಾರಣವು ಯಾರಿಗೂ ತಿಳಿಯಲಿಲ್ಲ. 1998ರಲ್ಲಿ ವಿದ್ವಾಂಸರು ಮೆದುಳಿನಲ್ಲಿ ಹೈಪೋಕ್ರೆಟಿನ್ ಅಥವಾ ಒರೆಕ್ಸಿನ್ ಎಂಬ ದ್ರವ್ಯವನ್ನು ಕಂಡುಹಿಡಿದರು. ಈ ದ್ರವ್ಯವು ಕೆಟ್ಟರೆ ಈ ರೋಗ ಬರುತ್ತದೆಂದು 1999ರಲ್ಲಿ ನಾಯಿ ಇಲಿಗಳಲ್ಲಿ ಗೊತ್ತಾಯಿತು. 2000ದಲ್ಲಿ ಈ ರೋಗವಿದ್ದು ಸತ್ತವರ ಮೆದುಳನ್ನು ಪರೀಕ್ಷಿಸಿದಾಗ, ಆ ದ್ರವ್ಯವನ್ನು ಉಂಟುಮಾಡುವ ಕಣಗಳು ಬಹುಮಟ್ಟಿಗೆ ನಾಶವಾಗಿದ್ದವೆಂದು ಕಂಡುಬಂತು. ಈ ಶೋಧನೆಗಾಗಿ ಎಮ್ಯಾನುಯೆಲ್ ಮಿನ್ಯೋ, ಮಸಾಶಿ ಯಾನಗಿಸಾವಾ ಎಂಬ ಇಬ್ಬರಿಗೆ 2023ರ ಬ್ರೇಕ್‌ಥ್ರೂ ಬಹುಮಾನವು ದೊರಕಿತು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕಣಗಳುಂಟು. ಅವುಗಳಲ್ಲಿ ಈ ಕೆಲಸಕ್ಕೆ ನೇಮಕವಾದವು ಸುಮಾರು 70,000 ಮಾತ್ರ. ಇಷ್ಟು ಸ್ವಲ್ಪ ಕಣಗಳು ಕೆಟ್ಟುಹೋದರೆ ಇಡೀ ದೇಹದ ಹಗಲುರಾತ್ರಿಗಳು ಅಸ್ತವ್ಯಸ್ತವಾಗುತ್ತವೆ. ಇದು ನಮಗೆ ಆಶ್ಚರ್ಯವಾಗಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯ ಒಂದೇ ಗೇಟಿನ ಸರಪಳಿ ಕಡಿದುಹೋಯಿತು. ಕೂಡಿಟ್ಟಿದ್ದ ನೀರು ರಭಸದಿಂದ ಹೊಳೆಗೆ ಹರಿದುಹೋಗಲಾಗಿ, ಎಡದಂಡೆ ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದವರು ಎಷ್ಟು ನಡುಗಿದರು! ಆ ದಿನ ಯಾರಾದರೂ ಹೊಳೆಯನ್ನು ಸೋಮಾರಿ ಎಂದು ಬೈದರೋ? ಇಲ್ಲ, ಸರಪಳಿ ಕಡಿದಿದೆ ಎಂದು ತಿಳಿದು ಅದನ್ನು ಸರಿಪಡಿಸುವ ಉಪಾಯವನ್ನು ಹುಡುಕಿದರು. ಈ ರೋಗಿಗಳಲ್ಲಿಯೂ ನಿದ್ರೆಯ ಗೇಟನ್ನು ಕಾಯುವ ಸರಪಳಿಯು ಕಡಿದಿದೆ. ಬೇಡವಾದ ಹಗಲಿನಲ್ಲಿ ನಿದ್ರೆ ನುಗ್ಗುತ್ತದೆ. ಬೇಕಾದ ರಾತ್ರಿಯಲ್ಲಿ ಆಗಾಗ ಎಚ್ಚರವಾಗುತ್ತದೆ.

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಪ್ಪಿ ಈ ಕಣಗಳನ್ನು ನಾಶಮಾಡುತ್ತದೆಂದು ವೈದ್ಯರು ಬಲವಾಗಿ ಅಭಿಪ್ರಾಯಪಡುತ್ತಾರೆ. ಹೆಚ್ಚಾಗಿ 10 ಮತ್ತು 30 ವರ್ಷಗಳ ನಡುವೆ ಇದು ಪ್ರಾರಂಭವಾಗುತ್ತದೆ. ಯೂರೋಪು ಅಮೆರಿಕಗಳ ಲೆಕ್ಕದಂತೆ ಲಕ್ಷ ಜನರಲ್ಲಿ 25ರಿಂದ 50 ಮಂದಿಗೆ ಇದು ಉಂಟು. ರೋಗ ತೊಡಗಿದಂದಿನಿಂದ ಅದರ ಹೆಸರು ತಿಳಿಯುವ ವರೆಗೆ ಎಂಟು ಹತ್ತು ವರ್ಷಗಳು ಕಳೆಯುವುದು ಅಪರೂಪವಲ್ಲ. ಆ ವರ್ಷಗಳಲ್ಲಿ ರೋಗಿಗೆ ಔಷಧದ ಬದಲಾಗಿ ನಿಂದೆಯೇ ದೊರಕುತ್ತದೆ.

2. ಗುರುತುಗಳು ಯಾವವು?

ಮೊದಲನೆಯದು, ಹಗಲಿನಲ್ಲಿ ತಡೆಯಲಾರದ ನಿದ್ರೆ. ಊಟಮಾಡುವಾಗ, ಮಾತಾಡುವಾಗ, ನಡೆಯುವಾಗ ಸಹ ಅದು ಬರಬಹುದು. ಸ್ವಲ್ಪ ಹೊತ್ತು ಮಲಗಿ ಎದ್ದರೆ ಮನಸ್ಸು ಹಸನಾಗುತ್ತದೆ. ಕೆಲವು ತಾಸುಗಳಾದ ಮೇಲೆ ಪುನಃ ನಿದ್ರೆ ಕವಿಯುತ್ತದೆ.

ಎರಡನೆಯದು, ಕ್ಯಾಟಪ್ಲೆಕ್ಸಿ. ನಗು, ಆಶ್ಚರ್ಯ, ಸಿಟ್ಟು ಇವುಗಳಿಂದ ಒಮ್ಮೆಗೇ ಶರೀರದ ಬಲವು ಕುಂದುತ್ತದೆ. ದವಡೆ ಜೋತುಬೀಳುವುದು, ಕೈಯಲ್ಲಿದ್ದದ್ದು ಜಾರುವುದು, ಮೊಣಕಾಲು ಕುಸಿಯುವುದು ಉಂಟು. ಇದು ಮೂರ್ಛೆರೋಗವಲ್ಲ, ಯಾಕಂದರೆ ಬಿದ್ದವನಿಗೆ ಎಚ್ಚರವಿದ್ದು ನಾವು ಆಡುವುದೆಲ್ಲಾ ಕೇಳಿಸುತ್ತದೆ. ಸಾಮಾನ್ಯವಾಗಿ ಎರಡು ನಿಮಿಷಗಳೊಳಗೆ ಬಲವು ತಿರಿಗಿ ಬರುತ್ತದೆ. ಎಲ್ಲಾ ರೋಗಿಗಳಲ್ಲಿಯೂ ಈ ಗುರುತು ಇರುವುದಿಲ್ಲ.

ಮೂರನೆಯದು, ನಿದ್ರೆ ಹತ್ತುವಾಗ ಅಥವಾ ಎಚ್ಚರವಾಗುವಾಗ ಕೈಕಾಲು ಅಲ್ಲಾಡಿಸಲಾಗದೆ ಬಿದ್ದಿರುವುದು. ನಾಲ್ಕನೆಯದು, ಆ ಹೊತ್ತಿಗೆ ಕೋಣೆಯಲ್ಲಿ ಯಾರೋ ನಿಂತಂತೆ, ಎದೆಯ ಮೇಲೆ ಕುಳಿತಂತೆ ಕಾಣುವುದು. ಐದನೆಯದು, ರಾತ್ರಿಯ ನಿದ್ರೆ ತುಂಡುತುಂಡಾಗುವುದು.

ಹಗಲು ತೂಕಡಿಸುವವರೆಲ್ಲರಿಗೂ ಈ ರೋಗವಿದೆಯೆಂದು ತಿಳಿಯಬೇಡಿರಿ. ರಾತ್ರಿ ಕರೆಂಟು ಬಂದಾಗ ಪಂಪು ಹಚ್ಚಿ ಹೊಲಕ್ಕೆ ನೀರು ಹಾಯಿಸುವವನು ಹಗಲು ತೂಕಡಿಸುವುದು ಸಹಜ. ರಕ್ತಹೀನತೆ, ಥೈರಾಯಿಡ್ ದೋಷ, ಉಸಿರು ಕಟ್ಟುವಂಥ ಗೊರಕೆ, ಮದ್ಯಪಾನ, ಮನೋವ್ಯಥೆ, ಕೆಲವು ಗುಳಿಗೆಗಳು, ರಾತ್ರಿ ಬಹಳ ಹೊತ್ತು ಮೊಬೈಲು ನೋಡುವುದು, ಇವುಗಳಿಂದಲೂ ಹಗಲು ನಿದ್ರೆ ಬರುತ್ತದೆ. ಸಾಕಷ್ಟು ನಿದ್ರೆಮಾಡಿದರೂ ಮೂರು ತಿಂಗಳಿಗೂ ಹೆಚ್ಚು ಕಾಲ ದಿನಾಲು ಹೀಗಾದರೆ ವೈದ್ಯರಿಗೆ ತೋರಿಸತಕ್ಕದ್ದು. ನಗುವಾಗ ಕುಸಿಯುವ ಗುರುತು ಇದ್ದರಂತೂ ತಡಮಾಡಲೇ ಕೂಡದು.

3. ಇದು ದೆವ್ವದ ಕೆಲಸವೋ?

ಅಲ್ಲ. ಆರೋಗ್ಯವಂತನು ಮಲಗಿದರೆ ಕನಸಿನ ನಿದ್ರೆಯು ಸುಮಾರು ಒಂದೂವರೆ ತಾಸಿನ ಮೇಲೆ ಬರುತ್ತದೆ. ಕನಸಿಗೆ ತಕ್ಕಂತೆ ಎದ್ದು ಓಡದ ಹಾಗೆ ಆ ಸಮಯದಲ್ಲಿ ಕೈಕಾಲುಗಳ ಬಲವನ್ನು ಮೆದುಳು ತಡೆಹಿಡಿಯುತ್ತದೆ; ಇದು ಸೃಷ್ಟಿಕರ್ತನ ಏರ್ಪಾಡು. ಈ ರೋಗಿಗಳಿಗಾದರೋ ಕಣ್ಣು ಮುಚ್ಚಿದ ಹದಿನೈದು ನಿಮಿಷಗಳೊಳಗೇ ಕನಸಿನ ನಿದ್ರೆ ಬಂದುಬಿಡಬಹುದು. ಮನಸ್ಸು ಇನ್ನೂ ಎಚ್ಚರವಾಗಿರುವಾಗಲೇ ಕನಸು ಕಣ್ಣಿಗೆ ಕಟ್ಟುತ್ತದೆ, ಶರೀರವು ಅಲ್ಲಾಡದು. ನೆರೆಯವರು ‘ಗಾಳಿ ಸೋಕಿದೆ’ ಅನ್ನುವುದು ಇದಕ್ಕೇ. ಮಂತ್ರ, ತಾಯತ, ಬೇವಿನ ಸೊಪ್ಪಿನ ಪೆಟ್ಟು ಇವುಗಳಿಂದ ಸತ್ತ ನರಕಣಗಳು ಬದುಕುವುದಿಲ್ಲ. ಅವುಗಳನ್ನು ಬಿಟ್ಟು ಬಂದ ನಾವು ಬೇರೆ ಹೆಸರಿನಿಂದ ಅವುಗಳನ್ನೇ ಸಭೆಯೊಳಕ್ಕೆ ತರಬಾರದು. ರೋಗಿಯನ್ನು ಹಿಡಿದು ಅಲುಗಿಸಿ, ‘ಬಿಟ್ಟು ಹೋಗು’ ಎಂದು ಕೂಗಿ, ಅವನನ್ನು ಜನರ ಮುಂದೆ ನಾಚಿಸುವುದು ಪ್ರಾರ್ಥನೆಯಲ್ಲ.

ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು, ಪಾಪ ಮಾಡಿದವರು ಯಾರೆಂದು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟನು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವನ್ನು ಓದಿರಿ. ಜ್ಞಾನೋಕ್ತಿಗಳ ಪುಸ್ತಕವು ಸೋಮಾರಿಯನ್ನು ಗದರಿಸುವುದು ನಿಜವೇ. ಆದರೆ ಸೋಮಾರಿಯು ಏಳಬಲ್ಲವನಾಗಿದ್ದು ಏಳಲೊಲ್ಲನು. ಈ ರೋಗಿಯು ಏಳಬೇಕೆಂದು ಹಂಬಲಿಸಿಯೂ ಏಳಲಾರನು. ಒಲ್ಲದವನಿಗೆ ಹೇಳಿದ ಮಾತನ್ನು ಆಗದವನ ಮೇಲೆ ಹೊರಿಸುವುದು ಅನ್ಯಾಯ.

4. ವೈದ್ಯರ ಬಳಿಗೆ ಹೋಗುವ ಬಗೆ

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ ರಕ್ತಪರೀಕ್ಷೆ ಮಾಡಿಸಿರಿ. ಅಲ್ಲಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಚೀಟಿ ಕೇಳಬಹುದು. ರೋಗವನ್ನು ನಿಶ್ಚಯಿಸುವ ನಿದ್ರಾಪರೀಕ್ಷೆಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗೆ ಹೋಗಬೇಕಾದೀತು. ಸಿಂಧನೂರಿಗೆ 2024ರಲ್ಲಿ ರೈಲು ಬಂದದ್ದು ಇಂಥ ಪ್ರಯಾಣಕ್ಕೆ ಒಂದು ಅನುಕೂಲ.

ಹೋಗುವ ಮುಂಚೆ ಎರಡು ವಾರಗಳ ನಿದ್ರೆಯ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ: ಎಷ್ಟು ಗಂಟೆಗೆ ಮಲಗಿದನು, ಎಷ್ಟು ಸಲ ಎದ್ದನು, ಹಗಲು ಎಷ್ಟು ಹೊತ್ತು ನಿದ್ರಿಸಿದನು, ನಗುವಾಗ ಬಿದ್ದನೋ. ಕುಸಿಯುವುದನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರಿಸಿದ್ದರೆ ವೈದ್ಯರಿಗೆ ಮಾತ್ರ ತೋರಿಸಿರಿ, ಊರವರಿಗೆ ಕಳುಹಿಸಬೇಡಿರಿ. ವೈದ್ಯರು ಎಪ್‌ವರ್ತ್ ಮಾಪಕವೆಂಬ ಎಂಟು ಪ್ರಶ್ನೆಗಳನ್ನು ಕೇಳಬಹುದು. ಓದುತ್ತಾ ಕುಳಿತಾಗ, ಬಸ್ಸಿನಲ್ಲಿ ಕುಳಿತಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ ತೂಕಡಿಕೆ ಎಷ್ಟೆಂದು ಒಂದೊಂದಕ್ಕೆ 0ಯಿಂದ 3ರ ವರೆಗೆ ಅಂಕ ಕೊಡುವುದು. ಒಟ್ಟು 24ರಲ್ಲಿ 10ಕ್ಕಿಂತ ಹೆಚ್ಚಾದರೆ ಮುಂದಿನ ವಿಚಾರಣೆ ಬೇಕು.

ನಿದ್ರಾಪರೀಕ್ಷೆಯಲ್ಲಿ ನೋವಿಲ್ಲ. ಒಂದು ರಾತ್ರಿ ತಲೆಗೂ ಎದೆಗೂ ತಂತಿಗಳನ್ನು ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ತಾಸಿಗೊಮ್ಮೆ ನಾಲ್ಕೈದು ಸಲ ಮಲಗಲು ಹೇಳುತ್ತಾರೆ. ಸರಾಸರಿ 8 ನಿಮಿಷಗಳೊಳಗೆ ನಿದ್ರೆ ಬಂದು, ಎರಡು ಸಲವಾದರೂ ಕೂಡಲೇ ಕನಸಿನ ನಿದ್ರೆ ಕಂಡರೆ ಈ ರೋಗವೆಂದು ನಿರ್ಣಯಿಸುತ್ತಾರೆ.

ಬೇರಿನಿಂದ ಗುಣಪಡಿಸುವ ಔಷಧವು ಇನ್ನೂ ಬಂದಿಲ್ಲ. ಆದರೆ ಬದುಕನ್ನು ಹಗುರಮಾಡುವ ಔಷಧಗಳುಂಟು. ಹಗಲು ಎಚ್ಚರವಿರುವುದಕ್ಕೆ ಮೊಡಾಫಿನಿಲ್ ಮೊದಲಾದವನ್ನೂ, ಕುಸಿಯುವುದಕ್ಕೆ ವೆನ್ಲಾಫಾಕ್ಸಿನ್ ಮೊದಲಾದವನ್ನೂ ವೈದ್ಯರು ಕೊಡುತ್ತಾರೆ. ಇವುಗಳನ್ನು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಕೂಡದು. ಕುಸಿತದ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರೆ ಕುಸಿತವು ಮತ್ತಷ್ಟು ಹೆಚ್ಚೀತು. ಮೊಡಾಫಿನಿಲ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕಡಿಮೆಮಾಡುತ್ತದಾದ್ದರಿಂದ ವಿವಾಹಿತ ಸಹೋದರಿಯರೂ ಗರ್ಭಿಣಿಯರೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು. ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ. ಪೌಲನ ಜೊತೆಯಲ್ಲಿದ್ದ ಲೂಕನು ವೈದ್ಯನೇ ಆಗಿದ್ದನಲ್ಲವೇ?

5. ಮನೆಯ ದಿನಚರಿ

ಔಷಧದಷ್ಟೇ ಮುಖ್ಯವಾದದ್ದು ಕ್ರಮವಾದ ದಿನ. ದಿನಾಲು ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಬೇಕು. ಜಾತ್ರೆ, ಮದುವೆ, ಸುಗ್ಗಿ ಎಂದು ಇದನ್ನು ಕೆಡಿಸಬಾರದು. ಹಗಲಲ್ಲಿ ಗೊತ್ತಾದ ಹೊತ್ತಿಗೆ ಒಂದೆರಡು ಸಲ 15ರಿಂದ 20 ನಿಮಿಷ ಮಲಗುವುದು ಮದ್ದಿನಂತೆ ಉಪಕಾರಿ. ನಿದ್ರೆ ನುಗ್ಗುವುದಕ್ಕೆ ಮುಂಚೆ ನಾವೇ ಅದಕ್ಕೆ ಪಾಳಿ ಗೊತ್ತುಮಾಡಿದಂತಾಗುತ್ತದೆ. ಮಧ್ಯಾಹ್ನ ಹೊಟ್ಟೆತುಂಬ ಅನ್ನ ಉಂಡರೆ ತೂಕಡಿಕೆ ಹೆಚ್ಚುತ್ತದೆ, ಹಿತಮಿತವಾಗಿ ಉಣ್ಣಲಿ. ಚಹಾ ಬೆಳಿಗ್ಗೆ ಕುಡಿಯಬಹುದು, ಸಂಜೆ ಬೇಡ. ಮದ್ಯವನ್ನು ಮುಟ್ಟಲೇ ಬಾರದು. ಈ ರೋಗದಲ್ಲಿ ಮೈತೂಕ ಹೆಚ್ಚುವುದುಂಟು, ನಡೆದಾಡುವುದು ಹಿತ.

ಅಪಾಯಗಳನ್ನು ಮುಂದಾಗಿ ಯೋಚಿಸಿರಿ. ವೈದ್ಯರು ಒಪ್ಪುವ ವರೆಗೆ ಮೋಟಾರುಸೈಕಲ್, ಟ್ರ್ಯಾಕ್ಟರ್, ಟಂಟಂ ನಡೆಸಬಾರದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಒಂದು ಕ್ಷಣದ ನಿದ್ರೆಯು ಅನೇಕ ಮನೆಗಳಿಗೆ ದುಃಖವನ್ನು ತಂದೀತು. ಕಾಲುವೆಯ ದಂಡೆಗೂ ಬಾವಿಗೂ ಒಂಟಿಯಾಗಿ ಹೋಗಬಾರದು. ರಾಶಿ ಮಾಡುವ ಯಂತ್ರದ ಬಾಯಿಗೆ ಪೈರು ಕೊಡುವ ಕೆಲಸ ಬೇಡ. ಅಡಿಗೆಮಾಡುವ ಸಹೋದರಿಯು ಬೆಂಕಿಯ ಮುಂದೆ ಒಬ್ಬಳೇ ಇರದಂತೆ ನೋಡಿಕೊಳ್ಳಿರಿ. ಎಳೆಗೂಸಿನ ತಾಯಿಗೆ ಈ ರೋಗವಿದ್ದರೆ ಅವಳು ನೆಲದಲ್ಲಿ ಚಾಪೆಯ ಮೇಲೆ ಕುಳಿತು ಹಾಲುಣಿಸಲಿ, ಹತ್ತಿರದಲ್ಲಿ ಇನ್ನೊಬ್ಬರು ಇರಲಿ.

ಯಾರಾದರೂ ನಗುತ್ತಾ ಕುಸಿದರೆ ಹೆದರಬೇಡಿರಿ. ಪೆಟ್ಟು ತಗಲದಂತೆ ಮೆಲ್ಲಗೆ ಹಿಡಿದು ಕೂರಿಸಿರಿ. ನೀರು ಚಿಮುಕಿಸುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಆತನಿಗೆ ಕೇಳಿಸುತ್ತದೆಂದು ನೆನಸಿ ಸಮಾಧಾನದ ಮಾತನ್ನು ಆಡಿರಿ. ಬೀಳುವುದನ್ನು ನೋಡಬೇಕೆಂದು ನಗಿಸುವವರನ್ನಾದರೋ ಗದರಿಸಿರಿ.

6. ಶಾಲೆ, ಕೆಲಸ, ವಿವಾಹ

ತಂದೆತಾಯಿಗಳು ವೈದ್ಯರ ಚೀಟಿಯೊಡನೆ ಮುಖ್ಯ ಗುರುಗಳನ್ನು ಕಾಣಲಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗುವುದಕ್ಕೆ ಮೂಲೆಯಲ್ಲಿ ಸ್ಥಳ, ಮುಂದಿನ ಸಾಲಿನಲ್ಲಿ ಆಸನ, ಆಗಾಗ ಎದ್ದು ನಿಲ್ಲುವ ಅಪ್ಪಣೆ, ಇಷ್ಟು ಸಾಕು. ಇದಕ್ಕೆ ಹಣದ ವೆಚ್ಚವಿಲ್ಲ. ಈ ರೋಗವುಳ್ಳ ಮಕ್ಕಳಿಗೆ ಬುದ್ಧಿ ಕಡಿಮೆಯಲ್ಲ; ಎಚ್ಚರದ ಹೊತ್ತು ಮಾತ್ರ ಕಡಿಮೆ.

ಕೆಲಸವನ್ನು ಆರಿಸುವಾಗಲೂ ವಿವೇಕ ಬೇಕು. ಹಟ್ಟಿಯ ಚಿನ್ನದ ಗಣಿಯಂಥ ಸ್ಥಳದಲ್ಲಿ ನೆಲದೊಳಗಿನ ಕೆಲಸವೂ ರಾತ್ರಿಯ ಪಾಳಿಯೂ ಇವರಿಗೆ ತಕ್ಕದ್ದಲ್ಲ. ಹೊಲಿಗೆ, ಅಂಗಡಿ, ತೋಟ, ಕುರಿಸಾಕಣೆಯಲ್ಲಿ ಜೊತೆಗಾರಿಕೆ, ಹೀಗೆ ನಡುವೆ ವಿಶ್ರಮಿಸಲು ಆಸ್ಪದವಿರುವ ಹಗಲಿನ ಕೆಲಸಗಳು ಹಿತವಾದವು.

ವಿವಾಹದಲ್ಲಿ ಸುಳ್ಳಾಡಕೂಡದು, ಮಾತು ಗೊತ್ತಾಗುವ ಮುಂಚೆಯೇ ಎದುರಿನ ಮನೆಯವರಿಗೆ ಸತ್ಯವನ್ನು ತಿಳಿಸಿರಿ. ಕೇಳುವವರೂ ಭಯಪಡಬೇಕಾಗಿಲ್ಲ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ರೋಗಿಯ ಮಕ್ಕಳಿಗೆ ಬರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಎಷ್ಟೋ ಮಂದಿ ಈ ರೋಗವನ್ನು ಇಟ್ಟುಕೊಂಡು ಮನೆ ನಡೆಸಿ ಮಕ್ಕಳನ್ನು ಬೆಳೆಸಿದ್ದಾರೆ.

ಈ ರೋಗದ ಸಂಗಡ ಮನಸ್ಸಿನ ಕುಗ್ಗುವಿಕೆ ಬಹಳವಾಗಿ ಕಂಡುಬರುತ್ತದೆ. ‘ನಾನು ಯಾಕೆ ಬದುಕಬೇಕು’ ಎಂಬ ಮಾತು ಬಾಯಿಂದ ಬಂದರೆ ಹಗುರವಾಗಿ ಎಣಿಸಬೇಡಿರಿ. ಟೆಲಿಮಾನಸ್ ಎಂಬ ಸರಕಾರದ ಸಹಾಯವಾಣಿಯು 14416ರಲ್ಲಿ ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲಿಯೂ ಮಾತಾಡುತ್ತದೆ.

7. ಸಭೆಯು ಮಾಡತಕ್ಕದ್ದು

ಆರಾಧನೆಯಲ್ಲಿ ಇವರು ಬಾಗಿಲ ಬಳಿಯಲ್ಲಿ ಕುಳಿತು ಬೇಕಾದಾಗ ಎದ್ದು ನಿಲ್ಲಲಿ, ಹೊರಗೆ ಹೋಗಿ ಬರಲಿ. ಕೀರ್ತನೆಯ ಪುಸ್ತಕ ಹಂಚುವುದು, ಕಾಣಿಕೆ ಎತ್ತುವುದು, ಪಾಠ ಓದುವುದು ಇಂಥ ನಡೆದಾಡುವ ಸೇವೆಯನ್ನು ಕೊಡಿರಿ. ರಾತ್ರಿಯೆಲ್ಲಾ ನಡೆಯುವ ಪ್ರಾರ್ಥನಾಕೂಟಕ್ಕೆ ಬರಲಿಲ್ಲವೆಂದು ಇವರ ಭಕ್ತಿಯನ್ನು ಅಳೆಯಬೇಡಿರಿ. ಎಲೀಯನು ದಣಿದು ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತನು ರೊಟ್ಟಿಯನ್ನೂ ನೀರನ್ನೂ ಕೊಟ್ಟು ಪುನಃ ಮಲಗಗೊಟ್ಟನು. ಬೆಂಗಳೂರಿಗೆ ಹೋಗಿಬರುವ ಖರ್ಚಿಗಾಗಿ ಸಭೆಯ ಪೆಟ್ಟಿಗೆಯಿಂದ ಸಹಾಯಮಾಡುವುದೂ, ಒಬ್ಬ ಓದುಬರಹ ಬಲ್ಲವನನ್ನು ಜೊತೆಗೆ ಕಳುಹಿಸುವುದೂ ನಮ್ಮ ಕೈಲಾಗದ ಕಾರ್ಯವೇನಲ್ಲ.

ಈಗ ಮೊದಲು ಹೇಳಿದ ಹುಡುಗನ ದಿನವನ್ನು ಮತ್ತೊಮ್ಮೆ ನೆನಸಿಕೊಳ್ಳಿರಿ. ಮುಂಜಾನೆ ಗುಳಿಗೆ ನುಂಗಿ ಶಾಲೆಗೆ ಹೋಗುತ್ತಾನೆ. ಮಧ್ಯಾಹ್ನ ಗುರುಗಳೇ ‘ಹೋಗಿ ಮಲಗಪ್ಪಾ’ ಅನ್ನುತ್ತಾರೆ. ಗೆಳೆಯನು ನಗೆಮಾತು ಆಡುವ ಮೊದಲು ಅವನ ತೋಳನ್ನು ಹಿಡಿದುಕೊಳ್ಳುತ್ತಾನೆ. ಸಂಜೆ ಅಪ್ಪನು, ‘ಇವತ್ತು ಹೇಗಿದ್ದೀ ಮಗನೇ?’ ಎಂದು ಕೇಳುತ್ತಾನೆ. ರೋಗವೇನೋ ಹೋಗಲಿಲ್ಲ, ಇನ್ನೂ ಕೆಲವು ದಿನ ತಲೆ ಮೇಜಿನ ಮೇಲೆ ಬೀಳುತ್ತದೆ. ಆದರೆ ತಾನು ಕೆಟ್ಟವನೆಂಬ ಭಾರವು ಇಳಿದಿದೆ. ತ್ರೋವದ ಸಭೆಯವರು ಹುಡುಗನನ್ನು ಜೀವದಿಂದ ಕರಕೊಂಡು ಹೋಗಿ ಬಹಳ ಆದರಣೆ ಹೊಂದಿದರು. ನಮಗೂ ಆ ಆದರಣೆ ದೊರಕಬೇಕಾದರೆ ಮೊದಲು ಮೆಟ್ಟಲಿಳಿದು ಹೋಗಬೇಕು.

ಮನೆಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೂತಿಖನು ಬಿದ್ದಾಗ ಪೌಲನು ಮೊದಲು ಮಾಡಿದ್ದೇನು? ನಾವಾದರೆ ಏನು ಮಾಡುತ್ತಿದ್ದೆವು?
2. ಸೋಮಾರಿಗೂ ಈ ರೋಗಿಗೂ ಇರುವ ಭೇದವೇನು?
3. ನಗುವಾಗ ಕುಸಿದವನಿಗೆ ಎಚ್ಚರವಿರುತ್ತದೋ? ಅವನಿಗೆ ಹೇಗೆ ಸಹಾಯಮಾಡಬೇಕು?
4. ನಿಮ್ಮ ಊರಿನಲ್ಲಿ ಯಾವಾಗಲೂ ತೂಕಡಿಸುವನೆಂದು ಹೆಸರಾದವನು ಇದ್ದಾನೋ? ಅವನ ಮನೆಯವರನ್ನು ಈ ವಾರ ಯಾರು ಕಾಣುವಿರಿ?

ಪ್ರಾರ್ಥನೆಯ ವಿಷಯ: ತಿಳಿಯದೆ ನಾವು ನೋಯಿಸಿದವರಿಗಾಗಿಯೂ, ರೋಗದ ಹೆಸರು ತಿಳಿಯದೆ ನಿಂದೆಯನ್ನು ಸಹಿಸುತ್ತಿರುವವರಿಗಾಗಿಯೂ, ಅವರನ್ನು ಆರೈಕೆಮಾಡುವ ತಾಯಿತಂದೆಗಳಿಗಾಗಿಯೂ, ವೈದ್ಯರಿಗಾಗಿಯೂ ದೇವರನ್ನು ಬೇಡಿಕೊಳ್ಳೋಣ.